ಮೈದಾನವನ್ನು ಹಿಂದೆ ನಿಂತು ಕಂಡವರು

ಚಿರಂಜೀವಿ ಮಗಳಿಗೆ ಅಪ್ಪನ ಆಶೀರ್ವಾದಗಳು.

ಫುಟ್‌ಬಾಲ್ ತರಬೇತುದಾರರ ಲೈಸೆನ್ಸ್ ಕೋರ್ಸಿಗೆ ಸೇರಿದ್ದೇನೆಂದು ನೀನು ಬರೆದದ್ದನ್ನು ಓದಿ ನನಗೂ ನಿನ್ನ ಅಮ್ಮನಿಗೂ ಬಹಳ ಸಂತೋಷವಾಯಿತು. ಆದರೆ ಅದೇ ಪತ್ರದ ಕೊನೆಯಲ್ಲಿ, ಆಟಗಾರ್ತಿಯಾಗಿ ಯಾರ ನೆನಪಿನಲ್ಲೂ ಉಳಿಯದ ನನ್ನ ಮಾತನ್ನು ಹುಡುಗಿಯರು ಏಕೆ ಕೇಳುತ್ತಾರೆ ಎಂದು ನೀನು ಹಾಕಿದ ಪ್ರಶ್ನೆಗೆ ಫೋನಿನಲ್ಲಿ ಎರಡು ಸಮಾಧಾನದ ಮಾತು ಹೇಳಿ ಮುಗಿಸಲು ನನಗೆ ಮನಸ್ಸಾಗಲಿಲ್ಲ. ಆದ್ದರಿಂದ ಬ್ರೆಜಿಲಿನ ಮಾರಿಯೊ ಜಗಾಲೊ ಅವರ ವಿಷಯವನ್ನು ಸ್ವಲ್ಪ ವಿವರವಾಗಿಯೇ ಬರೆಯುತ್ತಿದ್ದೇನೆ.

ಆಟಗಾರರಾಗಿಯೂ ಕೋಚ್ ಆಗಿಯೂ ವಿಶ್ವಕಪ್ ಗೆದ್ದವರಲ್ಲಿ ಜಗಾಲೊ ಮೊದಲಿಗರು. ಹಾಗಿದ್ದರೂ 1958 ಮತ್ತು 1962ರಲ್ಲಿ ಗೆದ್ದ ಬ್ರೆಜಿಲ್ ತಂಡಗಳನ್ನು ನೆನೆಯುವವರ ಬಾಯಲ್ಲಿ ಮೊದಲು ಬರುವುದು ಪೆಲೆ, ಗಾರಿಂಚಾ, ಡಿಡಿ ಅವರ ಹೆಸರುಗಳು. ಎಡ ವಿಂಗ್‌ನಲ್ಲಿ ಆಡುತ್ತಿದ್ದ ಈ ಸಣಕಲು ಮನುಷ್ಯನ ಹೆಸರು ಬರುವುದು ಬಹಳ ತಡವಾಗಿ.

1931ರಲ್ಲಿ ಆಲಗೋವಾಸ್ ರಾಜ್ಯದಲ್ಲಿ ಹುಟ್ಟಿದ ಅವರು ಬೆಳೆದದ್ದು ರಿಯೊ ನಗರದಲ್ಲಿ. 1950ರ ಜುಲೈ 16ರಂದು ಮರಕಾನಾ ಕ್ರೀಡಾಂಗಣದಲ್ಲಿ ಉರುಗ್ವೆ ತಂಡ ಬ್ರೆಜಿಲನ್ನು 2–1ರಿಂದ ಸೋಲಿಸಿ ವಿಶ್ವಕಪ್ ಕಿತ್ತುಕೊಂಡಾಗ, ಹದಿನೆಂಟರ ಜಗಾಲೊ ಅಲ್ಲಿ ಕಾವಲಿಗೆ ನಿಯೋಜಿತನಾದ ಸೈನಿಕನಾಗಿದ್ದ. ಇಡೀ ದೇಶ ಅತ್ತ ಆ ಮಧ್ಯಾಹ್ನವನ್ನು ಸಮವಸ್ತ್ರದಲ್ಲಿ ನಿಂತು ನೋಡಿದ ಹುಡುಗನೇ ಮುಂದೆ ಬ್ರೆಜಿಲಿನ ನಾಲ್ಕು ವಿಶ್ವಕಪ್ ಗೆಲುವುಗಳಲ್ಲಿ ಪಾಲುದಾರನಾದ.

ಆಗ ಬ್ರೆಜಿಲ್ ಆಡುತ್ತಿದ್ದದ್ದು 4-2-4 ಪದ್ಧತಿಯಲ್ಲಿ. ಮುಂದೆ ನಾಲ್ವರು, ಹಿಂದೆ ನಾಲ್ವರು, ನಡುವೆ ಇಬ್ಬರೇ ಇಬ್ಬರು. ಚೆಂಡು ಎದುರಾಳಿಯ ಕಾಲಿಗೆ ಹೋದಾಗಲೆಲ್ಲ ನಡುವಿನ ಆ ವಿಶಾಲವಾದ ಜಾಗವನ್ನು ಇಬ್ಬರು ತುಂಬುವುದು ಸಾಧ್ಯವಿರಲಿಲ್ಲ. ಬಲಗಡೆಯಲ್ಲಿದ್ದ ಗಾರಿಂಚಾ ಹಿಂದಕ್ಕೆ ಓಡುವವರಲ್ಲ, ಓಡೆಂದು ಅವರಿಗೆ ಹೇಳುವುದು ಅವರ ಆಟವನ್ನೇ ಕೆಡಿಸಿದಂತೆ. ಆದ್ದರಿಂದ ಎಡಗಡೆಯ ಜಗಾಲೊ ಪ್ರತಿ ಸಲವೂ ಹಿಂದಕ್ಕೆ ಓಡಿ ಬಂದು ಮೂರನೆಯ ಮಿಡ್‌ಫೀಲ್ಡರ್ ಆಗುತ್ತಿದ್ದರು, ಚೆಂಡು ಸಿಕ್ಕೊಡನೆ ಮತ್ತೆ ಮುಂದಕ್ಕೆ ಹೋಗುತ್ತಿದ್ದರು. ಈ ದುಡಿಮೆಗಾಗಿ ಅವರಿಗೆ ಪುಟ್ಟ ಇರುವೆ ಎಂಬ ಅಡ್ಡಹೆಸರು ಬಂತು. 4-2-4 ಪದ್ಧತಿ 4-3-3 ಆಗಿ ಬದಲಾದ ಕಥೆಯಲ್ಲಿ ಜಗಾಲೊ ಅವರ ಈ ಓಟಕ್ಕೆ ದೊಡ್ಡ ಪಾತ್ರವಿದೆ. 1958ರ ಫೈನಲ್‌ನಲ್ಲಿ ಸ್ವೀಡನ್ ವಿರುದ್ಧ ಬ್ರೆಜಿಲ್ ಹೊಡೆದ ಐದು ಗೋಲುಗಳಲ್ಲಿ ನಾಲ್ಕನೆಯದು ಅವರದೇ ಎಂಬುದನ್ನೂ ಹೇಳಬೇಕು, ಏಕೆಂದರೆ ಅವರು ಬರೀ ಓಡುವ ಆಳಾಗಿರಲಿಲ್ಲ. ಆದರೆ ಎಡಗಡೆಯ ಆ ಮೂಲೆಯಿಂದ ಹಿಂದಕ್ಕೂ ಮುಂದಕ್ಕೂ ಓಡುತ್ತ ಅವರು ನೋಡಿದ ಆಟ, ಚೆಂಡನ್ನು ಕಾಲಿನಲ್ಲಿಟ್ಟುಕೊಂಡವನಿಗೆ ಕಾಣುವ ಆಟವಲ್ಲ. ಯಾರು ಎಲ್ಲಿ ಇಲ್ಲ, ಯಾವ ಜಾಗ ಖಾಲಿ ಬಿದ್ದಿದೆ, ಅದನ್ನು ಈಗ ಯಾರು ತುಂಬಬೇಕು ಎಂಬುದೇ ಅವರ ನಿತ್ಯದ ಚಿಂತೆಯಾಗಿತ್ತು, ಮತ್ತು ಕೋಚ್ ಆದವನ ಚಿಂತೆಯೂ ಅದೇ ತಾನೆ?

ಆಟ ನಿಲ್ಲಿಸಿದ ಮೇಲೆ ಅವರು ತಮ್ಮ ಹಳೆಯ ಕ್ಲಬ್ ಬೊಟಾಫೋಗೊಗೆ ಕೋಚ್ ಆಗಿ 1967 ಮತ್ತು 1968ರಲ್ಲಿ ರಿಯೊ ಚಾಂಪಿಯನ್‌ಶಿಪ್ ಗೆದ್ದುಕೊಟ್ಟರು. 1970ರ ಮಾರ್ಚಿನಲ್ಲಿ, ವಿಶ್ವಕಪ್‌ಗೆ ಮೂರು ತಿಂಗಳೂ ಪೂರ್ತಿ ಉಳಿದಿರದಿದ್ದಾಗ, ಬ್ರೆಜಿಲ್ ತಂಡದ ಕೋಚ್ ಜೋವಾವ್ ಸಲ್ದಾನ್ಯಾ ಅವರನ್ನು ತೆಗೆದುಹಾಕಿ ಜಗಾಲೊ ಅವರನ್ನು ಕರೆತಂದರು. ಅರ್ಹತಾ ಸುತ್ತಿನ ಆರಕ್ಕೆ ಆರೂ ಪಂದ್ಯ ಗೆದ್ದಿದ್ದ ಸಲ್ದಾನ್ಯಾ ಅವರ ಜಾಗಕ್ಕೆ ಬಂದವರ ಮೇಲೆ ಎಷ್ಟು ಒತ್ತಡವಿದ್ದಿರಬೇಕು ಎಂದು ಯೋಚಿಸು. ಜಗಾಲೊ ಅವರಿಗೆ ಆಗ ಮೂವತ್ತೆಂಟು ವರ್ಷ.

ಅವರ ಕೈಗೆ ಬಂದದ್ದು ಪೆಲೆ, ಜೆರ್ಸನ್, ರಿವೆಲಿನೊ, ಟೊಸ್ಟಾವ್, ಜೈರ್ಜಿನ್ಯೊ ಎಂಬ ಐವರು. ಒಂದೇ ತಂಡದಲ್ಲಿ ಇಷ್ಟೊಂದು ಜನ ಆಟ ಕಟ್ಟುವವರು ಹೊಂದುವುದಿಲ್ಲ ಎಂದು ಹಲವರು ನಂಬಿದ್ದರು. ಪೆಲೆ ಮತ್ತು ಟೊಸ್ಟಾವ್ ಜೊತೆಯಾಗಿ ಆಡಬಲ್ಲರೇ ಎಂಬ ಬಗ್ಗೆ ಮೊದಮೊದಲು ಜಗಾಲೊ ಅವರಿಗೂ ಅನುಮಾನವಿತ್ತು. ಕೊನೆಗೆ ಐವರನ್ನೂ ಆಡಿಸಿದರು. ಟೊಸ್ಟಾವ್ ಮುಂಚೂಣಿಯಲ್ಲಿ ನಿಂತು ಎದುರಾಳಿ ಡಿಫೆಂಡರುಗಳನ್ನು ತನ್ನತ್ತ ಸೆಳೆದು ಪೆಲೆಗೆ ಜಾಗ ಮಾಡಿಕೊಡುವವರಾದರು. ಮಿಡ್‌ಫೀಲ್ಡಿನ ಪಿಯಾಜಾ ಅವರನ್ನು ಡಿಫೆನ್ಸಿಗೆ ತಂದದ್ದರಿಂದ ಹಿಂದಿನಿಂದಲೇ ಚೆಂಡು ಚೊಕ್ಕಟವಾಗಿ ಹೊರಡುವಂತಾಯಿತು. ಇನ್ನು ರಿವೆಲಿನೊ ಅವರನ್ನು ನಿಲ್ಲಿಸಿದ್ದು ಎಡಗಡೆಯಲ್ಲಿ, ಚೆಂಡು ಕಳೆದುಕೊಂಡಾಗ ಒಳಕ್ಕೆ, ಹಿಂದಕ್ಕೆ ಬರುವ ಕೆಲಸ ಕೊಟ್ಟು. ಆ ಕೆಲಸ ಯಾರದಾಗಿತ್ತೆಂದು ನಿನಗೆ ಈಗ ಗೊತ್ತು. ತಾನು ಹನ್ನೆರಡು ವರ್ಷ ಹಿಂದೆ ಮಾಡಿದ್ದನ್ನು ಅವರು ತನಗಿಂತ ಎಷ್ಟೋ ಪಾಲು ಪ್ರತಿಭಾವಂತನಾದ ಆಟಗಾರನಿಂದ ಮಾಡಿಸಿದರು, ಆತ ಒಪ್ಪಿ ಮಾಡಿದ. ಹುಡುಗಿಯರು ನಿನ್ನ ಮಾತು ಏಕೆ ಕೇಳುತ್ತಾರೆ ಎಂಬ ಪ್ರಶ್ನೆಗೆ ಇದಕ್ಕಿಂತ ಒಳ್ಳೆಯ ಉತ್ತರ ನನ್ನ ಬಳಿ ಇಲ್ಲ.

ವಿಶ್ವಕಪ್‌ನಲ್ಲಿ ಬ್ರೆಜಿಲ್ ತಾನು ಆಡಿದ ಆರೂ ಪಂದ್ಯ ಗೆದ್ದಿತು. ಜೂನ್ 21ರಂದು ಮೆಕ್ಸಿಕೊದ ಆಜ್ಟೆಕಾ ಕ್ರೀಡಾಂಗಣದಲ್ಲಿ ಇಟಲಿಯನ್ನು 4–1ರಿಂದ ಸೋಲಿಸಿದ ಫೈನಲ್‌ನ ಕೊನೆಯ ಗೋಲನ್ನು ನೀನು ಖಂಡಿತ ನೋಡಿರುತ್ತೀಯ. ಪೆಲೆ ನಿಧಾನವಾಗಿ ಬಲಕ್ಕೆ ಉರುಳಿಸಿದ ಚೆಂಡನ್ನು ಓಡಿಬಂದ ಕಾರ್ಲೊಸ್ ಆಲ್ಬರ್ಟೊ ಬಲೆಗೆ ಬಾರಿಸುವುದಷ್ಟೇ ಎಲ್ಲರಿಗೂ ನೆನಪಿರುತ್ತದೆ. ಆ ಗೋಲು ಶುರುವಾದದ್ದು ಬ್ರೆಜಿಲಿನ ಅರ್ಧದಲ್ಲಿ, ಗೆಲುವು ಖಚಿತವಾಗಿದ್ದರೂ ಹಿಂದಕ್ಕೆ ಓಡಿಬಂದು ಚೆಂಡು ಕಿತ್ತುಕೊಂಡ ಟೊಸ್ಟಾವ್ ಅವರಿಂದ. ಅಲ್ಲದೆ ಇಟಲಿಯ ಫಾಕೆಟ್ಟಿ ತಾನು ಕಾಯಬೇಕಾದ ಎದುರಾಳಿಯನ್ನು ನೆರಳಿನಂತೆ ಹಿಂಬಾಲಿಸುತ್ತಾರೆಂದು ತಿಳಿದಿದ್ದ ಬ್ರೆಜಿಲಿನವರು, ಜೈರ್ಜಿನ್ಯೊ ಬಲಗಡೆ ಬಿಟ್ಟು ಒಳಕ್ಕೆ ಸರಿದರೆ ಫಾಕೆಟ್ಟಿಯೂ ಜೊತೆಗೆ ಬಂದು ಆ ಬದಿ ಖಾಲಿಯಾಗುತ್ತದೆಂದು ಮೊದಲೇ ಲೆಕ್ಕ ಹಾಕಿದ್ದರು. ಕಾರ್ಲೊಸ್ ಆಲ್ಬರ್ಟೊ ಓಡಿಬಂದದ್ದು ಆ ಖಾಲಿ ಜಾಗಕ್ಕೇ.

ಇಲ್ಲಿ ಒಂದು ಮಾತು ಹೇಳದೆ ಮುಂದುವರಿಯಲಾರೆ. ಈ ಸಂಭ್ರಮದ ದೇಶದಲ್ಲಿ ಆಗ ಹೆಂಗಸರು ಫುಟ್‌ಬಾಲ್ ಆಡುವುದಕ್ಕೆ ನಿಷೇಧವಿತ್ತು. 1941ರ ಸರ್ಕಾರಿ ಆದೇಶದಿಂದ ಶುರುವಾದ ಆ ನಿಷೇಧ ತೆರವಾದದ್ದು 1979ರಲ್ಲಿ. ಜಗಾಲೊ ಅವರಂತೆ ಆಟವನ್ನು ಓದಬಲ್ಲ ಎಷ್ಟು ಹುಡುಗಿಯರು ಆ ವರ್ಷಗಳಲ್ಲಿ ಕಳೆದುಹೋದರೋ ಎಂದು ನೆನೆದರೆ ನನಗೆ ಸಂಕಟವಾಗುತ್ತದೆ.

ಆಮೇಲಿನ ದಾರಿ ಬರೀ ಗೆಲುವಿನದಲ್ಲ. 1974ರಲ್ಲಿ ಪೆಲೆ, ಜೆರ್ಸನ್, ಟೊಸ್ಟಾವ್ ಇಲ್ಲದ ತಂಡ ಹೆದರಿ ಹೆದರಿ ಆಡಿ, ನೆದರ್ಲೆಂಡ್ಸ್‌ಗೆ 2–0ರಿಂದ ಸೋತು ನಾಲ್ಕನೆಯ ಸ್ಥಾನಕ್ಕೆ ಇಳಿಯಿತು. ನಾಯಕ ಕ್ರೈಫ್ ಅವರ ಆ ಡಚ್ ತಂಡವನ್ನು ಜಗಾಲೊ ಹಗುರವಾಗಿ ತೆಗೆದುಕೊಂಡದ್ದು ತಪ್ಪು ಎಂದೇ ನನ್ನ ಅಭಿಪ್ರಾಯ. ಕುವೈತ್, ಸೌದಿ ಅರೇಬಿಯಾಗಳಲ್ಲೂ ಅವರು ಕೆಲಸ ಮಾಡಿದರು. ಯುಎಇ ತಂಡವನ್ನು 1990ರ ವಿಶ್ವಕಪ್‌ಗೆ ಅರ್ಹಗೊಳಿಸಿದರೂ ಅಲ್ಲಿಗೆ ಕರೆದೊಯ್ಯುವ ಮೊದಲೇ ಹುದ್ದೆ ಹೋಯಿತು. ನನಗೆ ಅತ್ಯಂತ ಮೆಚ್ಚುಗೆಯಾದದ್ದು 1994ರ ಸಂಗತಿ. 1970ರಲ್ಲಿ ತಮ್ಮ ಕೈಕೆಳಗೆ ದೈಹಿಕ ತರಬೇತಿಯ ತಂಡದಲ್ಲಿದ್ದ ಪರೇರಾ ಅವರು ಮುಖ್ಯ ಕೋಚ್ ಆದಾಗ, ಅರವತ್ತು ದಾಟಿದ್ದ ಜಗಾಲೊ, ಪರೇರಾ ಅವರ ಜೊತೆ ತಾಂತ್ರಿಕ ಸಂಯೋಜಕರಾಗಿ ದುಡಿದು ನಾಲ್ಕನೆಯ ಕಪ್ ತರಲು ನೆರವಾದರು.

1998ರ ವಿಶ್ವಕಪ್‌ನಲ್ಲಿ ಜಗಾಲೊ ಮತ್ತೆ ಮುಖ್ಯ ಕೋಚ್ ಆಗಿದ್ದರು. ಫೈನಲ್ ದಿನ ತಂಡದ ಮುಂಚೂಣಿ ಆಟಗಾರ ರೊನಾಲ್ಡೊಗೆ ಮಧ್ಯಾಹ್ನ ಸೆಳವು ಬಂದಿತ್ತು. ಜಗಾಲೊ ಮೊದಲು ಅವರನ್ನು ಬಿಟ್ಟು ಎಡ್ಮುಂಡೊ ಹೆಸರು ಕೊಟ್ಟರು. ಆಸ್ಪತ್ರೆಯಲ್ಲಿ ಪರೀಕ್ಷೆ ಮುಗಿಸಿ ಬಂದ ರೊನಾಲ್ಡೊ ಆಡಿಯೇ ತೀರುತ್ತೇನೆಂದಾಗ ಒಪ್ಪಿದರು. ಫ್ರಾನ್ಸ್ 3–0ರಿಂದ ಗೆದ್ದಿತು. ಮುಂದೆ ಬ್ರೆಜಿಲ್ ಸಂಸತ್ತಿನ ತನಿಖಾ ಸಮಿತಿಯೆದುರು ಈ ಬಗ್ಗೆ ಅವರು ಉತ್ತರಿಸಬೇಕಾಯಿತು. ನಾನಾಗಿದ್ದರೆ ಆ ಹುಡುಗನನ್ನು ಆಡಿಸುತ್ತಿರಲಿಲ್ಲ. ಆಟಗಾರನ ಜೀವಕ್ಕಿಂತ ಕಪ್ ದೊಡ್ಡದಲ್ಲ. ನೀನೂ ಒಂದು ದಿನ ಇಂಥದ್ದನ್ನು ನಿಮಿಷಗಳಲ್ಲಿ ನಿರ್ಧರಿಸಬೇಕಾಗಬಹುದು, ಆದ್ದರಿಂದ ಇದನ್ನು ಈಗಲೇ ಯೋಚಿಸಿಟ್ಟುಕೋ.

ಅವರು 2024ರ ಜನವರಿ 5ರಂದು, ತೊಂಬತ್ತೆರಡನೆಯ ವಯಸ್ಸಿನಲ್ಲಿ ತೀರಿಕೊಂಡರು.

ಬಿಡುವಾದಾಗ 1970ರ ಫೈನಲ್ ಪಂದ್ಯವನ್ನು ಪೂರ್ತಿಯಾಗಿ ನೋಡು. ಚೆಂಡಿನ ಹಿಂದೆ ಕಣ್ಣು ಓಡಿಸದೆ, ಬ್ರೆಜಿಲ್ ಚೆಂಡು ಕಳೆದುಕೊಂಡ ಪ್ರತಿ ಸಲವೂ ರಿವೆಲಿನೊ ಎಲ್ಲಿಗೆ ಹೋಗುತ್ತಾರೆಂಬುದನ್ನು ಮಾತ್ರ ಗುರುತು ಹಾಕಿಕೊಂಡು, ನಿನಗೆ ಕಂಡದ್ದನ್ನು ನನಗೆ ಬರೆ.

ಇಂತಿ,
ನಿನ್ನ ಅಪ್ಪ