ಮೇಷ್ಟ್ರುಗಳ ಗ್ರೂಪಿಗೂ ಒಂದು ಲೆಕ್ಕ ಇರಲಿ ಸಾರ್: ಶಿಕ್ಷಣ ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ಶಾಲಾ ಶಿಕ್ಷಣ ಮತ್ತು ಸಾಕ್ಷರತಾ ಸಚಿವರಿಗೆ ನಮಸ್ಕಾರ.

ನಾನು ಸರ್ಕಾರಿ ಹೈಸ್ಕೂಲಿನ ಪಿಸಿಎಂ, ಅಂದ್ರೆ ಭೌತ, ರಸಾಯನ, ಗಣಿತದ ಮೇಷ್ಟ್ರು. ನಿಮಗೆ ಗೊತ್ತಿರೋದೇ, ಹಳ್ಳಿ ಕಡೆ ಹೈಸ್ಕೂಲಲ್ಲಿ ಒಂದು ವಿಷಯಕ್ಕೆ ಒಬ್ರೇ ಇರ್ತೀವಿ, ಅದೂ ಪೋಸ್ಟ್ ಖಾಲಿ ಇಲ್ದೇ ಇದ್ರೆ. ಋಣ ಸಂಖ್ಯೆನ ಋಣ ಸಂಖ್ಯೆಯಿಂದ ಗುಣಿಸಿದ್ರೆ ಧನ ಯಾಕೆ ಬರುತ್ತೆ ಸಾರ್ ಅಂತ ಹುಡುಗಿ ಕೇಳಿದಾಗ, ರೂಲ್ ಹಂಗೇ ಅಮ್ಮ ಕೂತ್ಕೋ ಅಂದು ಮುಗಿಸಬಹುದು, ಆದ್ರೆ ಅವಳಿಗೆ ಹೊಳೆಯೋ ಥರ ಹೇಳೋದು ಹೇಗೆ ಅಂತ ಸ್ಟಾಫ್ ರೂಮಲ್ಲಿ ಯಾರನ್ನ ಕೇಳೋದು? ಈ ಕಡೆ ಹಿಂದಿ ಮೇಡಂ, ಆ ಕಡೆ ಪಿಇ ಮೇಷ್ಟ್ರು. ಹಾಗಾಗಿ ಫೋನಲ್ಲಿರೋ ಗ್ರೂಪೇ ನಮ್ಮ ಸ್ಟಾಫ್ ರೂಮು.

ಫೋನಲ್ಲಿ ಎರಡು ಥರ ಗ್ರೂಪ್ ಇವೆ. ಒಂದು ಇಲಾಖೆದು, ಅದ್ರಲ್ಲಿ ಅಡ್ಮಿನ್ ಮಾತ್ರ ಮಾತಾಡ್ತಾರೆ. ಮಕ್ಕಳ ವಿವರ ತುಂಬೋ ಸ್ಯಾಟ್ಸ್ ಎಂಟ್ರಿ, ಮೊಟ್ಟೆ ಬಾಳೆಹಣ್ಣಿನ ಲೆಕ್ಕ, ಕಾರ್ಯಕ್ರಮದ ಫೋಟೋ, ಎಲ್ಲಾ ಸಂಜೆ ನಾಲ್ಕರೊಳಗೆ, ತಪ್ಪಿದಲ್ಲಿ ನಿಮ್ಮನ್ನೇ ನೇರ ಹೊಣೆಗಾರರನ್ನಾಗಿ ಮಾಡಲಾಗುವುದು. ಇನ್ನೊಂದು ಮೇಷ್ಟ್ರುಗಳೇ ಮಾಡ್ಕೊಂಡಿರೋದು. ಲಿಟ್ಮಸ್ ಕಾಗದ ಖಾಲಿ, ನಾಳೆ ಆಮ್ಲ ಪ್ರತ್ಯಾಮ್ಲ ಪಾಠ, ಏನ್ ಮಾಡ್ಲಿ ಅಂತ ಯಾರೋ ರಾತ್ರಿ ಕೇಳ್ತಾರೆ. ಅರಿಶಿನದ ನೀರಲ್ಲಿ ಕಾಗದ ಅದ್ದಿ ಒಣಗಿಸಿ, ಸೋಪಿನ ನೀರು ಬಿದ್ರೆ ಕೆಂಪಾಗುತ್ತೆ ಅಂತ ಒಬ್ರು ಹೇಳ್ತಾರೆ. ಸರಿ, ನಿಂಬೆಹಣ್ಣಿಗೆ ಅರಿಶಿನ ಹಳದಿಯಾಗೇ ಇರುತ್ತಲ್ಲ, ಆಮ್ಲ ತೋರ್ಸೋದು ಹೇಗೆ ಅಂತ ಇನ್ನೊಬ್ರು ತಕರಾರು ತೆಗೀತಾರೆ. ಹಾಗಾದ್ರೆ ದಾಸವಾಳ ಬಿಸಿನೀರಲ್ಲಿ ನೆನೆಸಿ, ಆ ರಸ ಆಮ್ಲಕ್ಕೆ ಗುಲಾಬಿ, ಪ್ರತ್ಯಾಮ್ಲಕ್ಕೆ ಹಸಿರು ಅಂತ ಮೂರನೆಯವರು. ಬೆಳಗ್ಗೆ ಮಕ್ಕಳೇ ಹೂವು ತಂದಿರ್ತಾರೆ. ಇದು ತರಬೇತಿ ಅಲ್ದೇ ಮತ್ತೇನು ಸಾರ್? ಆದ್ರೆ ಯಾವ ರಿಜಿಸ್ಟರಲ್ಲೂ ಇದಕ್ಕೆ ಜಾಗ ಇಲ್ಲ.

ಲೆಕ್ಕಕ್ಕೆ ಬರೋದು ಸರ್ಟಿಫಿಕೇಟ್. ದೀಕ್ಷಾ ಅನ್ನೋ ಕೇಂದ್ರದ ಆನ್‌ಲೈನ್ ಕಲಿಕಾ ತಾಣ 2017ರಲ್ಲಿ ಬಂತು, ಶಿಕ್ಷಕರಿಗೆ ಅಂತ ಇರೋ ನಿಷ್ಠಾ ತರಬೇತಿ ಕೊರೋನಾ ವರ್ಷ ಅದ್ರ ಮೇಲೆ ಆನ್‌ಲೈನ್ ಆಯ್ತು, ಶಾಲೆ ಮುಚ್ಚಿದ್ದ ಕಾಲದಲ್ಲಿ ಅದು ಬೇಕಿತ್ತು, ಕೆಲವು ಮಾಡ್ಯೂಲ್ ನಿಜಕ್ಕೂ ಚೆನ್ನಾಗಿವೆ. ಆದ್ರೆ ಎಷ್ಟೋ ಕಡೆ ನಡೆಯೋದು ಏನು ಅಂತ ಎಲ್ರಿಗೂ ಗೊತ್ತು, ವಿಡಿಯೋ ಮ್ಯೂಟ್ ಮಾಡಿ ಓಡಿಸೋದು, ಕ್ವಿಜ್ ಉತ್ತರ ಗ್ರೂಪಲ್ಲಿ ಫಾರ್ವರ್ಡ್ ಮಾಡೋದು, ಸರ್ಟಿಫಿಕೇಟ್ ಡೌನ್‌ಲೋಡ್ ಮಾಡಿ ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿಗೆ (ಸಿಆರ್‌ಪಿ) ಕಳ್ಸೋದು. ಮೇಷ್ಟ್ರು ಸೋಮಾರಿ ಅಂತ ಬೈದ್ರೆ ಪ್ರಯೋಜನ ಇಲ್ಲ, ಆ ವಿಡಿಯೋಗೆ ನಮ್ಮ ಪ್ರಶ್ನೆ ಕೇಳಿಸಲ್ವಲ್ಲ.

ಮೇಷ್ಟ್ರುಗಳು ಒಬ್ರಿಂದ ಒಬ್ರು ಕಲಿಯೋದು ನಮ್ಮ ರಾಜ್ಯಕ್ಕೆ ಹೊಸದೇನೂ ಅಲ್ಲ. 1995ರಲ್ಲಿ ಹೆಗ್ಗಡದೇವನಕೋಟೆ ಕಡೆ ಮೇಷ್ಟ್ರುಗಳು ಆಂಧ್ರದ ರಿಷಿ ವ್ಯಾಲಿ ಶಾಲೆಗೆ ಹೋಗಿ ನೋಡ್ಕೊಂಡು ಬಂದು, ಒಟ್ಟಿಗೆ ಕೂತು ಕಲಿಕೆಯ ಕಾರ್ಡು ಬರೆದು ಶುರು ಮಾಡಿದ್ದು ತಾನೇ ಚಿಕ್ಕ ಮಕ್ಕಳ ನಲಿ ಕಲಿ. ಆಮೇಲೆ 2011ರ ಹೊತ್ತಿಗೆ ರಾಜ್ಯದ ಶಿಕ್ಷಕರ ತರಬೇತಿ ನೋಡ್ಕೊಳ್ಳೋ ಡಿಎಸ್‌ಇಆರ್‌ಟಿ ಮತ್ತೆ ಐಟಿ ಫಾರ್ ಚೇಂಜ್ ಅನ್ನೋ ಸ್ವಯಂಸೇವಾ ಸಂಸ್ಥೆ ಸೇರಿ ಹೈಸ್ಕೂಲಿನವರಿಗೆ ವಿಷಯ ಶಿಕ್ಷಕರ ವೇದಿಕೆ ಮಾಡಿದ್ರು. ಟ್ರೇನಿಂಗಲ್ಲಿ ಉಬುಂಟು, ಜಿಯೋಜಿಬ್ರಾ ಥರ ಕಂಪ್ಯೂಟರ್ ಸಾಫ್ಟ್‌ವೇರ್ ಕಲಿಸಿ ಕೈ ತೊಳ್ಕೊಳ್ಳಲಿಲ್ಲ, ಗಣಿತಕ್ಕೊಂದು ವಿಜ್ಞಾನಕ್ಕೊಂದು ಸಮಾಜಕ್ಕೊಂದು ಇಮೇಲ್ ಗುಂಪು ಇತ್ತು, ಮನೆಗೆ ಹೋದ್ಮೇಲೂ ಮಾತು ನಡೀತಿತ್ತು. ಅದ್ರ ಜೊತೆಗೇ ಬಂದ ಕರ್ನಾಟಕ ಮುಕ್ತ ಶೈಕ್ಷಣಿಕ ಸಂಪನ್ಮೂಲಗಳ ವಿಕಿ, ನಾವು ಕೊಯರ್ ಅಂತೀವಿ, ಅದ್ರಲ್ಲಿ ಮೇಷ್ಟ್ರುಗಳೇ ಬರೆದ ಪಾಠಗಳು ಕನ್ನಡದಲ್ಲಿ ಇವೆ, ಯಾರು ಬೇಕಾದ್ರೂ ತಗೊಂಡು ತಿದ್ದಿ ಬಳಸಬಹುದು.

ಅದೇ ವಾಟ್ಸಾಪ್ ನೋಡಿ. ಮೊದ್ಲು ಒಂದು ಗ್ರೂಪಿಗೆ 256 ಜನ ಅಷ್ಟೇ, ಗ್ರೂಪ್ ಒಂದು, ಗ್ರೂಪ್ ಎರಡು ಅಂತ ಒಡೀತಾ ಹೋದ್ವಿ, ಈಗ 1024 ಆಗಿದೆ ಆದ್ರೂ ಸುಖ ಇಲ್ಲ. ಜೂನಲ್ಲಿ ಸೇರಿದ ಹೊಸ ಮೇಷ್ಟ್ರಿಗೆ ಹಿಂದಿನ ವರ್ಷದ ದಾಸವಾಳದ ಚರ್ಚೆ ಸಿಗಲ್ಲ, ಮತ್ತೆ ಅದೇ ಪ್ರಶ್ನೆ, ಮತ್ತೆ ಮೊದಲಿಂದ. ನಡುನಡುವೆ ಗುಡ್ ಮಾರ್ನಿಂಗ್ ಹೂವು, ಪಕ್ಷ ರಾಜಕೀಯ, ಎಸ್ಸೆಸ್ಸೆಲ್ಸಿ ಹತ್ರ ಬಂದಾಗ ಲೀಕ್ ಅಂತ ಓಡಾಡೋ ಸುಳ್ಳು ಪಿಡಿಎಫ್. ನಮ್ಮ ಗ್ರೂಪುಗಳು ತುಂಬಾ ಶುದ್ಧ ಅಂತ ನಾನೇನೂ ಹೇಳ್ತಿಲ್ಲ.

ಈಗ ನಾನು ಕೇಳೋದು. ವರ್ಷಕ್ಕೆ 50 ಗಂಟೆ ವೃತ್ತಿ ಕಲಿಕೆ ಅಂತ 2020ರ ರಾಷ್ಟ್ರೀಯ ಶಿಕ್ಷಣ ನೀತಿಯಲ್ಲಿದೆ, ಆ ನೀತಿ ಬೇಡ ಅಂತ ನಮ್ಮ ಸರ್ಕಾರ ತನ್ನದೇ ಆಯೋಗ ಮಾಡ್ತು, ಅದು ನಿಮ್ಮ ದೊಡ್ಡೋರ ವಿಷಯ. ಗಂಟೆ ಎಷ್ಟಾದ್ರೂ ಇಡಿ, ಅದ್ರಲ್ಲಿ ಒಂದು ಪಾಲು ಹೀಗೆ ಒಬ್ರಿಗೊಬ್ರು ಕಲಿಯೋದಕ್ಕೆ ಇಡಿ. ಒಂದು ಪಾಠ ಮಾಡಿ ನೋಡಿ ಏನಾಯ್ತು ಅಂತ ಬರೆದೋರಿಗೆ, ಬೇರೆಯವರ ಪ್ರಶ್ನೆಗೆ ಕೂತು ಉತ್ತರ ಕೊಟ್ಟೋರಿಗೆ ಆ ಹೊತ್ತು ತರಬೇತಿ ಅಂತ ಎಣಿಸಿ. ಅದಕ್ಕೆ ಹೊಸ ಆಪ್ ಬೇಡ, ದಯವಿಟ್ಟು ಬೇಡ, ಇನ್ನೊಂದು ಪಾಸ್‌ವರ್ಡ್ ನೆನಪಿಟ್ಕೊಳ್ಳೋ ಶಕ್ತಿ ಇಲ್ಲ. ಇರೋದನ್ನೇ ಗಟ್ಟಿ ಮಾಡಿ, ಕನ್ನಡದಲ್ಲಿ ಟೈಪ್ ಮಾಡಿ ಹುಡುಕಿದ್ರೆ ಹಳೇ ಚರ್ಚೆ ಸಿಗಬೇಕು, ಅಷ್ಟು ಸಾಕು. ನೋಡ್ಕೊಳ್ಳೋರು ಮೇಷ್ಟ್ರುಗಳೇ ಆರಿಸಿದ ಮೇಷ್ಟ್ರುಗಳಾಗಿರಲಿ, ಅವರಿಗೆ ವಾರದಲ್ಲಿ ಒಂದೆರಡು ಪೀರಿಯಡ್ ಬಿಡುವು ಕೊಡಿ. ಕ್ಷೇತ್ರ ಶಿಕ್ಷಣಾಧಿಕಾರಿ, ಅಂದ್ರೆ ಬಿಇಓ ಸಾಹೇಬ್ರು ಬರಬಹುದು, ಆದ್ರೆ ಗಣಿತ ಮಾತಾಡೋಕೆ ಬರಲಿ, ಮಾಹಿತಿ ಕೇಳೋಕಲ್ಲ. ಮೊನ್ನೆ ನನ್ನ ಪಾಠ ಕೆಟ್ಟುಹೋಯ್ತು ಯಾಕೆ ಅಂತ ಗೊತ್ತಾಗ್ಲಿಲ್ಲ ಅಂತ ಒಬ್ರು ಧೈರ್ಯವಾಗಿ ಬರೆದ್ರೆ ಅದಕ್ಕೆ ಕಾರಣ ಕೇಳಿ ನೋಟಿಸ್ ಬರಲ್ಲ ಅನ್ನೋ ಭರವಸೆ ಸುತ್ತೋಲೆಯಲ್ಲೇ ಇರಲಿ, ಬಾಯಿಮಾತಿನ ಭರವಸೆ ನಂಬಿ ಯಾರೂ ಬರೆಯಲ್ಲ.

ಇನ್ನು ಅತಿಥಿ ಶಿಕ್ಷಕರು. ಎಷ್ಟೋ ಶಾಲೆ ನಡೀತಿರೋದೇ ಅವರಿಂದ. ಖಾಯಂ ನೌಕರರ ನಂಬರ್ ಇದ್ರೆ ಮಾತ್ರ ಲಾಗಿನ್ ಅಂತ ಮಾಡ್ಬೇಡಿ, ಜೂನಲ್ಲಿ ಅವರು ಶಾಲೆಗೆ ಸೇರಿದ ದಿನವೇ ಒಳಗೆ ಬರೋ ಹಾಗಿರಲಿ, ಮಾರ್ಚ್ ಮುಗೀತು ಅಂತ ಹೆಸರು ತೆಗೀಬೇಡಿ.

ಇಂತಿ,
ಒಬ್ಬ ಪಿಸಿಎಂ ಮೇಷ್ಟ್ರು