ಮಳೆ ಬರೋದ್ರೊಳಗೆ ಶಾಲೆಯ ಮಾಡು (ಚಾವಣಿ) ಕಟ್ಟಬೇಕು: ಹೊನ್ನಾವರದವರೆಲ್ಲರಲ್ಲಿ ಒಂದು ಮನವಿ

ಆತ್ಮೀಯ ಹಳೆ ವಿದ್ಯಾರ್ಥಿಗಳೇ, ಊರಲ್ಲಿರೋರೇ, ಊರು ಬಿಟ್ಟು ಮುಂಬೈ ಬೆಂಗಳೂರು ದುಬೈ ಅಂತ ದೂರ ಇರೋರೇ, ಎಲ್ಲರಿಗೂ ನಮ್ಮ ಶಾಲೆ ನಡೆಸೋ ಟ್ರಸ್ಟಿನ ನಮಸ್ಕಾರ.

ಹೋದ ವರ್ಷ ಆಷಾಢದಲ್ಲಿ ಏನಾಯ್ತು ಅಂತ ಹೆಚ್ಚಿನವರಿಗೆ ಗೊತ್ತು, ಗ್ರೂಪಲ್ಲಿ ಫೋಟೋ ನೋಡಿದ್ದೀರಿ. ಮೂರು ದಿನ ಬಿಡದೆ ಹೊಯ್ದ ಮಳೆ, ಜೊತೆಗೆ ಸಮುದ್ರದ ಕಡೆಯಿಂದ ಗಾಳಿ, ರಾತ್ರಿ ಯಾವಾಗಲೋ ಪಡುದಿಕ್ಕಿನ ಮಾಡಿನ ಎರಡು ಪಕಾಸಿ (ಹಂಚು ಹೊರುವ ಮರದ ಪಟ್ಟಿ) ಮುರಿದು ಹಂಚೆಲ್ಲ ನಾಲ್ಕನೇ ಕ್ಲಾಸಿನ ಬೆಂಚಿನ ಮೇಲೆ ಬಿತ್ತು. ರಾತ್ರಿ ಆಗಿದ್ದಕ್ಕೆ ಮಕ್ಕಳು ಉಳಿದ್ರು. ಬೆಳಿಗ್ಗೆ ಬೀಗ ತೆಗೆದ ಅಕ್ಕೋರು (ಟೀಚರ್) ಒಳಗೆ ಕಾಲಿಡ್ಲಿಕ್ಕೆ ಆಗದೆ ಜಗಲಿ ಮೇಲೇ ಕೂತುಬಿಟ್ಟಿದ್ರು, ನಾವು ಹೋದಾಗ ಅವರ ಕೈ ಇನ್ನೂ ನಡುಗ್ತಿತ್ತು. ಬಡಗಿ ಬಂದು ಮೇಲೆ ಹತ್ತಿ ನೋಡಿದ ಮೇಲೆ ಗೊತ್ತಾಯ್ತು, ಒಳಗಿನ ಮರ ಎಲ್ಲ ಒರಲೆ (ಗೆದ್ದಲು) ತಿಂದು ಬರೀ ಸಿಪ್ಪೆ ಉಳಿದಿದೆ ಅಂತ. ಅವತ್ತಿಂದ ಇವತ್ತಿನವರೆಗೆ ನಾಲ್ಕನೇ ಮತ್ತು ಐದನೇ ಕ್ಲಾಸು ಒಂದೇ ಕೋಣೆಯಲ್ಲಿ ಬೆನ್ನಿಗೆ ಬೆನ್ನು ಹಾಕಿ ಕೂರ್ತಾ ಇವೆ, ಪಡುಬದಿಗೆ ತಾಡಪತ್ರಿ ಹೊದೆಸಿ ದಿನ ದೂಡಿದ್ದೇವೆ.

ಇನ್ನೊಂದು ನಷ್ಟ ಫೋಟೋದಲ್ಲಿ ಕಾಣಲಿಲ್ಲ. ಅದೇ ಗೋಡೆ ಹತ್ತಿರ ಊರಿನ ಕಪಾಟು ಇತ್ತಲ್ಲ, ನಮ್ಮ ಹಿರಿ ಮಾಸ್ತರು ಆಯುಷ್ಯವಿಡೀ ಕೂಡಿಟ್ಟಿದ್ದು, ಹಳೆ ನಕಾಶೆ, ಬಂದರಿನ ಫೋಟೋ, ಯಕ್ಷಗಾನದ ಕರಪತ್ರ, ಮಕ್ಕಳು ಅಜ್ಜ ಅಜ್ಜಿ ಹತ್ರ ಕೇಳಿ ಬರೆದ ಊರಿನ ಕಥೆಗಳ ನೋಟುಬುಕ್ಕು. ಅದೆಲ್ಲ ನೆನೆದು ಮುದ್ದೆ ಆಗಿತ್ತು. ಬಿಸಿಯೂಟದ ಅಡುಗೆ ಕೋಣೆಯಲ್ಲಿ ಒಲೆ ಪಕ್ಕ ಹಗ್ಗ ಕಟ್ಟಿ ಒಂದೊಂದೇ ಹಾಳೆ ಒಣಗಿಸಿದ್ರು ಅಡುಗೆಯವರು, ಯಾರೂ ಹೇಳದೇ ಇದ್ರೂ. ಅರ್ಧದಷ್ಟು ಉಳಿದಿದೆ.

ಮಾಸ್ತರ ಪಾಠ ಕೇಳಿದವರಿಗೆ ಮೊದಲ ದಿನದ ಕಥೆ ಮರೆತಿರಲಿಕ್ಕಿಲ್ಲ. ಇಬ್ನ್ ಬತೂತ ಅನ್ನೋ ಮೊರಾಕ್ಕೊ ಪ್ರವಾಸಿ 1342ರ ಸುಮಾರಿಗೆ ನಮ್ಮೂರಿಗೆ ಬಂದಿದ್ದ, ಊರನ್ನ ಹಿನಾವರ್ ಅಂತ ಕರೆದ. ಆಗ ಇಲ್ಲಿ ಜಮಾಲುದ್ದೀನ್ ಅನ್ನೋ ಸುಲ್ತಾನ ಆಳ್ತಿದ್ದ. ಅರ್ಧ ಲೋಕ ಸುತ್ತಿ ಬಂದ ಆ ಮನುಷ್ಯ ಇಲ್ಲಿ ಗಂಡುಮಕ್ಕಳಿಗೆ 23 ಶಾಲೆ, ಹೆಣ್ಣುಮಕ್ಕಳಿಗೆ 13 ಶಾಲೆ ಎಣಿಸಿ, ಇಂಥದ್ದನ್ನ ಬೇರೆಲ್ಲೂ ನೋಡಿಲ್ಲ ಅಂತ ಬರೆಸಿಟ್ಟ. ಸುಲ್ತಾನನ ಮನೆ ಊಟದಲ್ಲಿ ಅನ್ನ, ತುಪ್ಪ, ಉಪ್ಪಲ್ಲಿ ಹಾಕಿದ ಮೆಣಸು, ಶುಂಠಿ, ಲಿಂಬೆ, ಮಾವಿನಕಾಯಿ, ಕೊನೆಗೆ ಮೊಸರು ಅಂತಲೂ ಹೇಳಿದ್ದಾನೆ, ಅದನ್ನ ಓದಿದಾಗ ಮಕ್ಕಳು "ಇದು ನಮ್ಮನೆ ಊಟವೇ" ಅಂತ ಕೂಗ್ತಿದ್ರು. ಮಾಸ್ತರು ಆಮೇಲೆ ಬೋರ್ಡಿನ ಮೇಲೆ 23 ಮತ್ತು 13 ಬರೆದು ಕೂಡಿಸಿ 36 ಮಾಡಿ, ಪಕ್ಕಕ್ಕೆ ಒಂದು ಗೀಟು ಹಾಕಿ "ನಮ್ದು 37ನೇದು" ಅನ್ನೋರು. ಏಳುನೂರು ವರ್ಷದ ಹತ್ತಿರ ಆಗ್ತಾ ಬಂತು, ಆ 36 ಶಾಲೆ ಎಲ್ಲಿದ್ವು ಅಂತ ತೋರಿಸ್ಲಿಕ್ಕೆ ಒಂದು ಕಲ್ಲೂ ಉಳಿದಿಲ್ಲ.

ಊರು ಕಂಡಿದ್ದೇನು ಕಡಿಮೆಯಾ. ಶರಾವತಿ ಜೋಗದಲ್ಲಿ 253 ಮೀಟರ್ ಕೆಳಗೆ ಬಿದ್ದು ಗೇರುಸೊಪ್ಪೆ ದಾಟಿ ಇಲ್ಲಿ ಬಂದು ಸಮುದ್ರ ಸೇರುವಾಗ ತನ್ನ ಜೊತೆ ಕಾಳುಮೆಣಸಿನ ದೋಣಿಗಳನ್ನೂ ತರ್ತಿತ್ತು. 1552ರಿಂದ 1606ರವರೆಗೆ ಗೇರುಸೊಪ್ಪೆ ಆಳಿದ ರಾಣಿ ಚೆನ್ನಭೈರಾದೇವಿಯನ್ನ ಪೋರ್ಚುಗೀಸರು ಮೆಣಸಿನ ರಾಣಿ ಅಂತಲೇ ಕರೀತಿದ್ರು. ಆ ಮೆಣಸಿನ ಆಸೆಗೇ ಅವರು 1569ರಲ್ಲಿ ಹೊನ್ನಾವರ ಸುಟ್ಟು ಇಲ್ಲಿ ಕೋಟೆ ಕಟ್ಟಿದ್ದು. ಆಮೇಲೆ ಕೆಳದಿಯವರು ಬಂದ್ರು, ಹೈದರಾಲಿ ಬಂದ, 1783ರಲ್ಲಿ ಇಂಗ್ಲಿಷರು ಹಿಡಿದ್ರು, ಟಿಪ್ಪು ಸೈನ್ಯ ತಿಂಗಳುಗಟ್ಟಲೆ ಮುತ್ತಿಗೆ ಹಾಕಿ ಕೂತಿತ್ತು. 1862ರಲ್ಲಿ ನಮ್ಮ ಜಿಲ್ಲೆಯನ್ನ ಮದ್ರಾಸಿಂದ ಬಿಡಿಸಿ ಮುಂಬೈ ಪ್ರಾಂತ್ಯಕ್ಕೆ ಸೇರಿಸಿದ್ರು, ನಮ್ಮ ಕಡೆ ಎಷ್ಟೋ ಮನೆಯವರಿಗೆ ಇವತ್ತಿಗೂ ಬೆಂಗಳೂರಿಗಿಂತ ಮುಂಬೈ ಹತ್ತಿರ ಅನ್ಸೋದಕ್ಕೆ ಅದೂ ಒಂದು ಕಾರಣ ಇರ್ಬೇಕು. ಇದನ್ನೆಲ್ಲ ಮಾಸ್ತರು ಪುಸ್ತಕ ಓದಿ ಹೇಳಿದ್ದಲ್ಲ, ಮಕ್ಕಳನ್ನ ಸಾಲು ಹಿಡಿಸಿ ಬಂದರಿಗೆ ಕರ್ಕೊಂಡು ಹೋಗಿ ದೂರದಲ್ಲಿ ಕಾಣೋ ಬಸವರಾಜದುರ್ಗ ದ್ವೀಪ ತೋರಿಸಿ ಹೇಳಿದ್ದು.

ಹೆಮ್ಮೆ ಹೇಳ್ಕೊಳ್ಳಬಾರದು ಅಂತಾರೆ, ಆದ್ರೆ ಹೇಳದಿದ್ರೆ ತಪ್ಪಾಗುತ್ತೆ. ನಮ್ಮ ಶಾಲೆಯಲ್ಲಿ ಅಕ್ಷರ ಕಲಿತವರು ಇವತ್ತು ಹಡಗಿನಲ್ಲಿ ಇಂಜಿನಿಯರ್ ಇದ್ದಾರೆ, ಡಾಕ್ಟರ್ ಇದ್ದಾರೆ, ಬೋಟಿನ ಮಾಲೀಕರಿದ್ದಾರೆ, ಸೈನ್ಯದಲ್ಲಿದ್ದಾರೆ, ಇಬ್ಬರು ಇದೇ ಶಾಲೆಗೆ ಅಕ್ಕೋರಾಗಿ ವಾಪಸ್ ಬಂದಿದ್ದಾರೆ. 1934ರಲ್ಲಿ ಶಿವರಾಮ ಹೆಗಡೆಯವರು ಕಟ್ಟಿದ ಕೆರೆಮನೆ ಯಕ್ಷಗಾನ ಮೇಳ ಇರೋ ತಾಲೂಕು ಇದು, 2012ರಲ್ಲಿ ಪದ್ಮಶ್ರೀ ಪಡೆದ ಯಕ್ಷಗಾನ ಕಲಾವಿದ ಚಿಟ್ಟಾಣಿ ರಾಮಚಂದ್ರ ಹೆಗಡೆಯವರ ತಾಲೂಕು ಇದು, ಅದಕ್ಕೆ ತಕ್ಕ ಹಾಗೆ ನಮ್ಮ ವಾರ್ಷಿಕೋತ್ಸವದಲ್ಲಿ ಸಿನಿಮಾ ಡಾನ್ಸ್ ಎಷ್ಟೇ ಇದ್ರೂ ಒಂದು ಯಕ್ಷಗಾನ ಪ್ರಸಂಗ ಇದ್ದೇ ಇರುತ್ತೆ, ಮೀನುಗಾರರ ಕೇರಿಯ ಹುಡುಗಿಯರೇ ವೇಷ ಕಟ್ತಾರೆ. ಮೊನ್ನೆ ಮೊನ್ನೆ 2020ರಲ್ಲಿ ಕಾಸರಕೋಡಿನ ಬೀಚಿಗೆ, ಸ್ವಚ್ಛ ಬೀಚುಗಳಿಗೆ ಕೊಡೋ ಬ್ಲೂ ಫ್ಲ್ಯಾಗ್ ಮಾನ್ಯತೆ ಬಂದಾಗ ಹೊರಗಿನ ಜನ ಹೊನ್ನಾವರ ಅಂದ್ರೆ ಬೀಚು, ಕಾಂಡ್ಲಾ (ಮ್ಯಾಂಗ್ರೋವ್) ಕಾಡಿನ ನಡುವಿನ ಮರದ ದಾರಿ ಅಂತ ಗುರುತಿಸ್ಲಿಕ್ಕೆ ಶುರು ಮಾಡಿದ್ರು. ಸಂತೋಷ. ಆದ್ರೆ ಆ ದಾರಿಯಲ್ಲಿ ಫೋಟೋ ತೆಗೆಸ್ಕೊಂಡು ಹೋಗೋರಿಗೆ ಅಳಿವೆಯ ಈಚೆ ಕೇರಿಯ ಮಕ್ಕಳು ಹೇಗೆ ಶಾಲೆಗೆ ಬರ್ತಾರೆ ಅಂತ ಗೊತ್ತಿರಲ್ಲ.

ಐದನೇ ಕ್ಲಾಸಿನ ಒಂದು ಹುಡುಗಿ ಇದ್ದಾಳೆ, ಹೆಸರು ಬೇಡ. ಬೆಳಕು ಹರಿಯೋ ಮೊದ್ಲೇ ಅಮ್ಮನ ಜೊತೆ ಬಂದರಿಗೆ ಹೋಗಿ ಬಂಗಡೆ ತಾರ್ಲೆ ಆರಿಸಿ ಬುಟ್ಟಿ ತುಂಬಿಸಿ, ಮನೆಗೆ ಬಂದು ಮಿಂದು, ತಮ್ಮನ ಕೈ ಹಿಡ್ಕೊಂಡು ಶಾಲೆಗೆ ಬರ್ತಾಳೆ. ಒಂದು ದಿನ ತಪ್ಪಿಸಿಲ್ಲ. ಅಪ್ಪ ಬೋಟಿನಲ್ಲಿ ಕೂಲಿ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ಬೋಟುಗಳಿಗೆ ಮೀನುಗಾರಿಕೆ ನಿಷೇಧ, ಮೀನು ಮೊಟ್ಟೆ ಇಡೋ ಕಾಲ, ನಿಯಮ ಸರಿಯೇ, ಆದ್ರೆ ಆ ಎರಡು ತಿಂಗಳು ಆ ಮನೆಗೆ ದುಡಿಮೆ ಇಲ್ಲ. ಕೊಡೆ, ನೋಟುಬುಕ್ಕು, ಮಳೆಗಾಲದ ಚಪ್ಪಲಿ, ಎಲ್ಲ ಖರ್ಚೂ ಅದೇ ಎರಡು ತಿಂಗಳಲ್ಲಿ ಬರೋದು. ಅತ್ತ ಶರಾವತಿಯ ಲಿಂಗನಮಕ್ಕಿ ಡ್ಯಾಮಿನ ನೀರು ಪೂರ್ತಿ ತುಂಬೋ ಮಟ್ಟ 1819 ಅಡಿ ಹತ್ತಿರ ಬಂತು ಅಂದ್ರೆ ನದಿ ದಡದ ಮನೆಯವರು ನೀರು ಬಿಡ್ತಾರಾ ಅಂತ ನಿದ್ದೆಗೆಡ್ತಾರೆ, ಇತ್ತ ಪಾವಿನಕುರ್ವೆ ಕಡೆ ಸಮುದ್ರ ದಡ ತಿಂತಾ ಬರುತ್ತೆ. ಇಂಥ ಮನೆಗಳಿಂದ ಬರೋ ಮಕ್ಕಳಿಗೆ ನೀರು ಸೋರದ ಜಾಗ ಅಂತ ಇದ್ದಿದ್ದು ಶಾಲೆ ಒಂದೇ. ಈಗ ಅದೂ ಸೋರ್ತಿದೆ.

ಈ ಮಕ್ಕಳ ಅಪ್ಪಂದಿರು ಸಭೆಗೆ ಬಂದು ಹೇಳಿದ ಮಾತು ಕೇಳಿ. ದುಡ್ಡು ಕೊಡ್ಲಿಕ್ಕೆ ಆಗಲ್ಲ, ಮೈ ಮುರಿದು ಕೆಲಸ ಮಾಡಿ ಕೊಡ್ತೇವೆ, ಜೂನಿಂದ ಬೋಟು ಕಟ್ಟಿರುತ್ತೆ, ಎಷ್ಟು ದಿನ ಬೇಕಾದ್ರೂ ಬರ್ತೇವೆ ಅಂದ್ರು. ಅವರಿಗೆ ಬಿಡುವು ಸಿಗುವಾಗ ಮಳೆ ಶುರುವಾಗಿರುತ್ತಲ್ಲ, ಮಾಡು ಬಿಚ್ಚೋದು ಹೇಗೆ. ಅದಕ್ಕೇ ಒಳಗಿನ ಕೆಲಸ, ನೆಲ ಸುಣ್ಣ ಬೆಂಚು ರಿಪೇರಿ, ಅವರಿಗೆ ಬಿಟ್ಟಿದ್ದೇವೆ, ಮಾಡಿನ ಕೆಲಸ ಮೇ ತಿಂಗಳಲ್ಲೇ ಮುಗಿಯಲೇಬೇಕು. ಬಡಗಿ ನಲವತ್ತು ದಿನ ಬೇಕು ಅಂತಾನೆ, ಹಾಗಾಗಿ ಏಪ್ರಿಲ್ ಮೂರನೇ ವಾರಕ್ಕೆ ಶುರು ಮಾಡದಿದ್ರೆ ಈ ವರ್ಷವೂ ತಾಡಪತ್ರಿಯೇ ಗತಿ. ತಾಡಪತ್ರಿ ಇನ್ನೊಂದು ಮಳೆಗಾಲ ತಡೆಯಲ್ಲ.

ಖರ್ಚಿನ ವಿಷಯ. ಚಿರೇಕಲ್ಲಿನ ಗೋಡೆ ಇನ್ನೂ ಗಟ್ಟಿ ಇದೆ, ಹಿರಿಯರು ಕಟ್ಟಿದ್ದು ಹಾಗಿತ್ತು, ಅದಕ್ಕೆ ಕೈ ಹಚ್ಚಲ್ಲ. ಮರ ಪೂರ್ತಿ ಬದಲಾಯಿಸ್ಬೇಕು. ಮರ ಹಾಕಿದ್ರೆ ಮತ್ತೆ ಒರಲೆ, ಬರೀ ಕಬ್ಬಿಣ ಹಾಕಿದ್ರೆ ಉಪ್ಪುಗಾಳಿಗೆ ನಾಲ್ಕೈದು ವರ್ಷಕ್ಕೆ ತುಕ್ಕು, ಅದಕ್ಕೆ ಜಿಐ (ಸತು ಲೇಪಿಸಿದ ಕಬ್ಬಿಣ) ಪೈಪಿನ ಕಟ್ಟು ಮಾಡಿ ಮೇಲೆ ಹಳೆ ಮಂಗಳೂರು ಹಂಚನ್ನೇ ತೊಳೆದು ಹೊದೆಸೋದು ಅಂತ ತೀರ್ಮಾನ ಆಗಿದೆ. ಶೀಟ್ ಹಾಕಿ ಕಮ್ಮಿಗಾಗುತ್ತೆ ಅಂತ ಕೆಲವರು ಹೇಳಿದ್ರು, ಸೆಖೆಗೆ ಮಕ್ಕಳು ಬೆಂದು ಹೋಗ್ತಾರೆ, ಮಳೆ ಸದ್ದಿಗೆ ಪಾಠ ಕೇಳೋದೇ ಇಲ್ಲ, ಆದ್ದರಿಂದ ಬೇಡ ಅಂದ್ವಿ. ಎಲ್ಲ ಸೇರಿ ಒಂಬತ್ತು ಲಕ್ಷದ ಆಚೀಚೆ ಆಗಬಹುದು, ಕಪಾಟು ಹೊಸದು ಮಾಡಿಸೋದೂ ಅದರಲ್ಲೇ ಬಂತು. ಮೂರು ಲಕ್ಷದಷ್ಟು ಊರಲ್ಲೇ ಕೂಡಿದೆ, ಗಣೇಶ ಚತುರ್ಥಿಯಲ್ಲಿ ಮಕ್ಕಳು ಡಬ್ಬಿ ಹಿಡಿದು ಮನೆ ಮನೆಗೆ ಹೋಗಿ ತಂದಿದ್ದೂ ಸೇರಿ. ಅನುದಾನಿತ ಶಾಲೆ ಅಲ್ವಾ, ಸರ್ಕಾರ ಕೊಡೋದಿಲ್ವಾ ಅಂತ ಫೋನಲ್ಲಿ ಕೇಳ್ತಾರೆ. ಸರ್ಕಾರದಿಂದ ಬರೋದು ಶಿಕ್ಷಕರ ಸಂಬಳ, ಕಟ್ಟಡ ನೋಡ್ಕೊಳ್ಳೋದು ಆಡಳಿತ ಮಂಡಳಿ ಜವಾಬ್ದಾರಿ, ಅಂದ್ರೆ ನಾವು ಏಳು ಜನ, ಅದರಲ್ಲಿ ನಾಲ್ವರು ಪೆನ್ಷನಿನಲ್ಲಿ ಇರೋರು. ನಮ್ಮ ಕೈಲಾಗಿದ್ದು ಹಾಕಿದ್ದೇವೆ.

ಇಷ್ಟೇ ಕೊಡಿ ಅಂತ ಹೇಳಲ್ಲ. ಐನೂರು ಆದ್ರೂ ಅದಕ್ಕೆ ಹಂಚು ಬರುತ್ತೆ. ನಿಮ್ಮ ಬ್ಯಾಚಿನವರೆಲ್ಲ ಸೇರಿ ಒಂದು ಕೋಣೆಯ ಮಾಡು ವಹಿಸ್ಕೊಂಡ್ರೆ ನಮ್ಮ ಅರ್ಧ ಭಾರ ಇಳೀತು. ತೆರಿಗೆ ವಿನಾಯಿತಿ ಬೇಕಾದವರು 2000 ರೂಪಾಯಿಗಿಂತ ಹೆಚ್ಚಿನದನ್ನ ನಗದು ಕೊಡದೆ ಬ್ಯಾಂಕ್ ಮೂಲಕವೇ ಹಾಕಿ, ಖಾತೆ ನಂಬರ್ ಹಳೆ ವಿದ್ಯಾರ್ಥಿ ಗ್ರೂಪಲ್ಲಿ ಕಾರ್ಯದರ್ಶಿಯವರು ಕಳಿಸಿದ್ದಾರೆ, ಬೇರೆ ಯಾರೋ ಫಾರ್ವರ್ಡ್ ಮಾಡಿದ ನಂಬರಿಗೆ ಹಾಕಬೇಡಿ. ಊರಿಗೆ ಬರೋರಿದ್ರೆ ಶಾಲೆ ಕಚೇರಿಯಲ್ಲೇ ರಸೀದಿ ಕೊಡ್ತೇವೆ. ಒಬ್ಬೊಬ್ಬರು ಕೊಟ್ಟಿದ್ದೂ, ಎಲ್ಲಿಗೆ ಖರ್ಚಾಯ್ತು ಅನ್ನೋದೂ ಜಗಲಿಯ ನೋಟಿಸ್ ಬೋರ್ಡಿಗೆ ಹಾಕ್ತೇವೆ.

ದುಡ್ಡಿಗಿಂತ ಬೇರೆ ಒಂದು ಕೇಳಿಕೆ ಇದೆ. ನಿಮ್ಮ ಮನೆ ಅಟ್ಟದಲ್ಲಿ ಹಳೆ ಹೊನ್ನಾವರದ ಫೋಟೋ, ನದಿ ದಾಟ್ತಿದ್ದ ಕಾಲದ ಜಂಗಲ್ (ಜೋಡಿ ದೋಣಿ) ನದ್ದು, ಮಚ್ವೆಗಳದ್ದು (ಹಾಯಿದೋಣಿ), ಹಳೆ ಬಂದರಿನದ್ದು ಏನಾದ್ರೂ ಇದ್ರೆ ಒಂದು ಪ್ರತಿ ಕಳಿಸಿ. ಕಪಾಟಿನ ಅರ್ಧ ಖಾಲಿ ಇದೆ.

ಬಡಗಿಗೆ ಮುಂಗಡ ಕೊಡ್ಬೇಕಾದ್ದು ಏಪ್ರಿಲ್ 18ಕ್ಕೆ. ಪೈಪಿನ ಅಂಗಡಿಯವರು ಅರ್ಧ ದುಡ್ಡು ಕೊಟ್ರೆ ಸಾಮಾನು ಇಳಿಸ್ತೇವೆ ಅಂದಿದ್ದಾರೆ. ಅಷ್ಟರೊಳಗೆ ನಿಮ್ಮ ಕೈಲಾದ್ದು ಕಳಿಸಿ, ಈಗ ಆಗಲ್ಲ ಅನ್ನೋರು ಯಾವಾಗ ಎಷ್ಟು ಅಂತ ಒಂದು ಮಾತು ತಿಳಿಸಿದ್ರೂ ನಾವು ಆ ಲೆಕ್ಕದ ಮೇಲೆ ಕೆಲಸ ಶುರು ಮಾಡ್ತೇವೆ.

ಟ್ರಸ್ಟಿನ ಎಲ್ಲ ಸದಸ್ಯರ ಪರವಾಗಿ,
ಅಧ್ಯಕ್ಷರು ಮತ್ತು ಕಾರ್ಯದರ್ಶಿ