ಭಾನುವಾರದ ಚೋಶಿ ಪ್ರವಾಸ: ಕೈಯಲ್ಲಿ ನಗದು ಇರಲಿ

ಎಲ್ಲರಿಗೂ ನಮಸ್ಕಾರ.

ಭಾನುವಾರ ಟೋಕಿಯೊದ ಪೂರ್ವಕ್ಕಿರುವ ಕಡಲತೀರದ ಊರು ಚೋಶಿಗೆ ಹೊರಡುವವರು ಬೆಳಿಗ್ಗೆ 7 ಗಂಟೆಗೆ ಟೋಕಿಯೊ ನಿಲ್ದಾಣದ ನೆಲದಡಿಯ ಸೋಬು ರೈಲುಮಾರ್ಗದ ಪ್ಲಾಟ್‌ಫಾರ್ಮಿಗೆ ಬನ್ನಿ. ಚೋಶಿಗೆ ಹೋಗುವ ಶಿಯೊಸಾಯ್ ರೈಲಿನಲ್ಲಿ ಎಲ್ಲ ಆಸನಗಳನ್ನೂ ಮುಂಗಡವಾಗಿ ಕಾಯ್ದಿರಿಸಬೇಕು. ಗುರುವಾರ ರಾತ್ರಿಯೊಳಗೆ ದೊಡ್ಡವರೆಷ್ಟು, ಮಕ್ಕಳೆಷ್ಟು ಎಂದು ಇಲ್ಲೇ ತಿಳಿಸಿ.

ಚೋಶಿಯಲ್ಲಿ ಇಳಿದು ಪ್ಲಾಟ್‌ಫಾರ್ಮಿನ ತುದಿಗೆ ನಡೆದರೆ ಚೋಶಿ ವಿದ್ಯುತ್ ರೈಲ್ವೆಯ ಎರಡು ಬೋಗಿಯ ಗಾಡಿ ಸಿಗುತ್ತದೆ. ಇದರಲ್ಲಿ ಮುಂಗಡ ಹಣ ತುಂಬಿ ಬಳಸುವ ಸುಯಿಕಾ ಕಾರ್ಡ್ ನಡೆಯುವುದಿಲ್ಲ. ಚಿಲ್ಲರೆ ತನ್ನಿ, ಹತ್ತು ಸಾವಿರದ ನೋಟು ಬೇಡ. ಹಗಲಿನಲ್ಲಿ ಹೆಚ್ಚುಕಡಿಮೆ ಗಂಟೆಗೊಂದೇ ಗಾಡಿ. ಫೋಟೊ ತೆಗೆಯುತ್ತಾ ಹಿಂದುಳಿದವರಿಗಾಗಿ ಕಾಯುವುದಿಲ್ಲ.

ಈ ರೈಲ್ವೆಯ ದಾರಿ 6.4 ಕಿ.ಮೀ. ಮಾತ್ರ. ಇದರ ಗಾಡಿಗಳು ಬೇರೆ ಕಂಪನಿಗಳು ಓಡಿಸಿ ಕೈಬಿಟ್ಟ ಹಳೆಯ ಗಾಡಿಗಳು. ಕೆಲವಂತೂ ಮೊದಲು ಟೋಕಿಯೊದ ಕೇಯೊ ಮಾರ್ಗದಲ್ಲಿ, ಆಮೇಲೆ ಮತ್ಸುಯಾಮಾ ನಗರದಲ್ಲಿ ದುಡಿದು ಇಲ್ಲಿಗೆ ಬಂದಿವೆ. 2006ರಲ್ಲಿ ಗಾಡಿಗಳ ತಪಾಸಣೆಗೂ ಹಣವಿಲ್ಲದಾಗ, ತಾನು ಮಾರುವ ಅಕ್ಕಿ ಬಿಲ್ಲೆಗಳನ್ನು ಕೊಳ್ಳಿರೆಂದು ಜನರನ್ನು ಬೇಡಿಕೊಂಡು ಉಳಿದ ಕಂಪನಿ ಇದು. ನುರೆ ಸೆಂಬೆ ಎಂಬ ಆ ಬಿಲ್ಲೆ ಇದೇ ಮಾರ್ಗದ ಇನುಬೊ ನಿಲ್ದಾಣದಲ್ಲಿ ಸಿಗುತ್ತದೆ. ಸೋಯಾ ಸಾಸ್ ಹೀರಿ ಮೆತ್ತಗಾಗಿರುತ್ತದೆ, ನಿಪ್ಪಟ್ಟಿನ ಗರಿಗರಿ ನಿರೀಕ್ಷಿಸಬೇಡಿ! ಸಸ್ಯಾಹಾರಿಗಳು ಪೊಟ್ಟಣದ ಹಿಂದಿನ ಪಟ್ಟಿ ಓದಿಯೇ ಕೊಳ್ಳಿ.

ಊಟ ಇನುಬೊ ದೀಪಸ್ತಂಭದ ಬಳಿ, ಬುತ್ತಿ ಕಟ್ಟಿಕೊಂಡು ಬನ್ನಿ. ಚಿತ್ರಾನ್ನದ ಹೊಣೆ ಯಾರು ಹೊರುತ್ತೀರಿ?